ಶಿವಮೊಗ್ಗದಲ್ಲಿ ಕೊಂಡ ‘ಪಾಸಿಟಿವ್ ಡೈರಿ’: ಎಡ ಪುಟಕ್ಕೆ ನಾಲ್ಕು ಸ್ಟಾರ್, ಬಲ ಪುಟಕ್ಕೆ ಒಂದು

ಮನಸ್ಸಿಗೆ ಬರುವ ಕೆಟ್ಟ ಯೋಚನೆಗಳನ್ನು ಬರೆದು ತಿದ್ದಿಕೊಳ್ಳುವುದಕ್ಕೆ ಅಂತ ಮಾರುವ ಈ ಡೈರಿಯ ಮೇಲೆ ಅಚ್ಚಾದ ಬೆಲೆ 399 ರೂಪಾಯಿ. ದುರ್ಗಿಗುಡಿಯ ಒಂದು ಸ್ಟೇಷನರಿ ಅಂಗಡಿಯಲ್ಲಿ ಚೌಕಾಸಿ ಮಾಡಿದ್ದಕ್ಕೆ 350ಕ್ಕೆ ಕೊಟ್ಟರು. ಕಂಪನಿಯ ಹೆಸರು ಬರೆಯುವುದಿಲ್ಲ. ಅದೇ ಕಪಾಟಿನಲ್ಲಿ ಬೇರೆ ಬೇರೆ ಹೆಸರಿನ ಇಂಥವೇ ಡೈರಿಗಳಿದ್ದವು. ತಿರುವಿ ನೋಡಿದರೆ ಒಳಗಿನ ಸರಕು ಹೆಚ್ಚು ಕಡಿಮೆ ಒಂದೇ. ಯಾವುದನ್ನು ತಗೊಂಡರೂ ನಾನು ಹೇಳುವ ಗುಣ ದೋಷ ಇದ್ದೇ ಇರುತ್ತದೆ ಅಂತ ನನ್ನ ಅಂದಾಜು.

ಕೊಂಡವಳ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ವಿಮರ್ಶೆ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಮನೆಗೆ ಅಡಿಕೆ ತೋಟ ಇದೆ. ನಾನು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಬಾಟಲಿ, ಮುಚ್ಚಳ, ಲೇಬಲ್ ತರುವುದಕ್ಕೆ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗಿಬರುತ್ತೇನೆ. ಕೆಟ್ಟದ್ದನ್ನೇ ಮೊದಲು ಯೋಚಿಸುವುದು ನನಗೆ ಹುಟ್ಟುಗುಣ. ಕೊರಿಯರ್ ಹುಡುಗನ ಫೋನ್ ಬಂದರೆ ಬಾಟಲಿ ಒಡೆದಿದೆ ಅಂತಲೇ ಎತ್ತುತ್ತೇನೆ. ಬೆಂಗಳೂರಿನಿಂದ ಮಗ ರಾತ್ರಿ ಹತ್ತರ ಮೇಲೆ ಫೋನ್ ಮಾಡಿದರೆ ನನ್ನ ಬಾಯಲ್ಲಿ ‘ಹಲೋ’ ಬರುವುದಿಲ್ಲ, ‘ಏನಾಯ್ತೋ?’ ಅಂತ ಬರುತ್ತದೆ. ಪಾಪ, ಅವನು ಬೇಳೆ ಸಾರಿಗೆ ಎಷ್ಟು ನೀರು ಅಂತ ಕೇಳುವುದಕ್ಕೆ ಮಾಡಿರುತ್ತಾನೆ.

ಇಂಥವಳಿಗೆ ಈ ಡೈರಿ ತಗೊಳ್ಳಿ ಅಂತ ಹೇಳಿದ್ದು ನಾದಿನಿಯ ಮಗಳು. ಮೈಸೂರಿನಲ್ಲಿ ಮನಃಶಾಸ್ತ್ರ ಎಂಎ ಓದುತ್ತಿದ್ದಾಳೆ. ಮುಂದೆ ಬರುವ ಓದಿದ ಮಾತೆಲ್ಲ ಅವಳದ್ದು, ಉಪ್ಪಿನಕಾಯಿ ಮಾತೆಲ್ಲ ನನ್ನದು.

ಮೊದಲು ಹೊರಗಿನ ಸಂಗತಿ. ಗಟ್ಟಿ ರಟ್ಟು, ಹಳದಿ ಬಣ್ಣ, ಮೇಲೊಂದು ನಗುವ ಸೂರ್ಯ. ಎಲಾಸ್ಟಿಕ್ ಪಟ್ಟಿ ಬೇಗ ಸಡಿಲಾಯಿತು. ಕಾಗದ ನೋಡುವುದಕ್ಕೆ ದಪ್ಪ, ಆದರೆ ಜೆಲ್ ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ. ಬಾಲ್ ಪೆನ್ನೇ ಆಗಬೇಕು. ದೊಡ್ಡ ತೊಂದರೆ ನಮ್ಮ ಮಳೆಗಾಲ. ಆಷಾಢದಲ್ಲಿ ಬಟ್ಟೆ ಕಪಾಟಿನಲ್ಲಿ ಇಟ್ಟಿದ್ದೆ. ರಟ್ಟಿನ ಮೇಲೆಲ್ಲ ಬೂಷ್ಟು ಬಂತು, ನಗುವ ಸೂರ್ಯನಿಗೆ ಗಡ್ಡ ಬೆಳೆದ ಹಾಗಾಯಿತು. ಒಣ ಬಟ್ಟೆಯಲ್ಲಿ ಒರೆಸಿ ಅಡುಗೆಮನೆಗೆ ತಂದು, ಒಲೆಯ ಶಾಖ ತಾಕುವ ಮೇಲಿನ ಹಲಗೆಯಲ್ಲಿಟ್ಟೆ. ಆಮೇಲೆ ಬರಲಿಲ್ಲ. ಮಲೆನಾಡಿನವರು ಕೊಂಡರೆ ಇದೊಂದು ನೆನಪಿರಲಿ. ಬಯಲುಸೀಮೆಯವರಿಗೆ ಈ ಚಿಂತೆ ಇಲ್ಲ.

ಇನ್ನು ಒಳಗೆ. ಪ್ರತಿ ದಿನಕ್ಕೆ ಎರಡು ಪುಟ. ಎಡ ಪುಟದಲ್ಲಿ ಕಾಲಂಗಳಿವೆ. ಏನಾಯಿತು, ಆಗ ಮನಸ್ಸಿಗೆ ಏನು ಬಂತು, ಎಷ್ಟು ಕಸಿವಿಸಿ ಆಯಿತು ಅಂತ ನೂರಕ್ಕೆ ಒಂದು ಅಂಕ. ಆಮೇಲೆ, ಹಾಗೆ ಅನಿಸಿದ್ದಕ್ಕೆ ಸಾಕ್ಷಿ ಏನು, ಅದಲ್ಲ ಅನ್ನುವುದಕ್ಕೆ ಸಾಕ್ಷಿ ಏನು, ಎರಡನ್ನೂ ನೋಡಿದ ಮೇಲೆ ಈಗ ಏನನಿಸುತ್ತದೆ. ಕೊನೆಗೆ ಮತ್ತೊಮ್ಮೆ ಅಂಕ.

ಇದು ಡೈರಿ ಕಂಪನಿಯವರ ಬುದ್ಧಿ ಅಲ್ಲ. ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು ಶುರು ಮಾಡಿದ ಚಿಕಿತ್ಸೆಯಿಂದ ಬಂದದ್ದಂತೆ. 1960ರ ದಶಕದಲ್ಲಿ ಅವರು ಫಿಲಡೆಲ್ಫಿಯಾದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತಿದ್ದರು. ಆ ರೋಗಿಗಳ ತಲೆಯಲ್ಲಿ ತನ್ನಷ್ಟಕ್ಕೆ ಕೆಲವು ಮಾತು ಹಾದುಹೋಗುತ್ತವೆ, ‘ನಾನು ಪ್ರಯೋಜನ ಇಲ್ಲ’, ‘ಇದು ಸರಿಹೋಗಲ್ಲ’ ಅನ್ನುವಂಥವು. ಎಷ್ಟು ಬೇಗ ಹಾದುಹೋಗುತ್ತವೆ ಅಂದರೆ ಅವು ಬಂದದ್ದೇ ಅವರಿಗೆ ಗೊತ್ತಾಗುವುದಿಲ್ಲ. ಬೇಜಾರು ಮಾತ್ರ ಉಳಿಯುತ್ತದೆ. ಆ ಮಾತನ್ನು ಹಿಡಿದು ಕಾಗದಕ್ಕೆ ಇಳಿಸಿ, ನಿಜವೋ ಅಲ್ಲವೋ ಅಂತ ರೋಗಿಯ ಕೈಯಲ್ಲೇ ಪರೀಕ್ಷೆ ಮಾಡಿಸಿದರು. ಬೆಕ್ 2021ರಲ್ಲಿ ತೀರಿಕೊಂಡರು. ಆಗ ಅವರಿಗೆ ನೂರು ವರ್ಷ ತುಂಬಿತ್ತು. ಅವರ ಬಗ್ಗೆ ಡೈರಿಯಲ್ಲಿ ಒಂದು ಸಾಲೂ ಇಲ್ಲ. ಸೂರ್ಯನ ಚಿತ್ರಕ್ಕೆ ಜಾಗ ಇತ್ತು ನೋಡಿ.

ಮೊದಲ ಪುಟ ತುಂಬಿದಾಗ ನನಗೆ ನಗು ಬಂತು. ಒಬ್ಬಳೇ ಕೂತು ವಕೀಲರ ಥರ ಸಾಕ್ಷಿ ಕೇಳಿಕೊಳ್ಳುವುದು ಅಂದರೆ! ಆದರೆ ಒಂದು ಪುಟ ಹೇಗಿರುತ್ತದೆ ಅಂತ ನೋಡಿ, ನನ್ನದನ್ನೇ ಇಲ್ಲಿ ಹಾಕುತ್ತೇನೆ.

ಏನಾಯಿತು: ಪ್ರತಿ ವರ್ಷ ತಗೊಳ್ಳುವ ಬೆಂಗಳೂರಿನ ಗಿರಾಕಿಗೆ ವಾಟ್ಸಾಪ್ ಹಾಕಿದೆ. ನೋಡಿದ್ದಾರೆ, ಉತ್ತರ ಇಲ್ಲ.

ಮನಸ್ಸಿಗೆ ಬಂದದ್ದು: ಹೋದ ವರ್ಷದ ಉಪ್ಪಿನಕಾಯಿ ಕೆಟ್ಟಿದೆ. ಅವರ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ. ಇನ್ನು ಬೆಂಗಳೂರಿನ ವ್ಯಾಪಾರ ಮುಗೀತು.

ಕಸಿವಿಸಿ: 90.

ಅದಕ್ಕೆ ಸಾಕ್ಷಿ: ಎರಡು ನೀಲಿ ಗೆರೆ.

ಅದಲ್ಲ ಅನ್ನುವುದಕ್ಕೆ ಸಾಕ್ಷಿ: ಅದೇ ಭರಣಿಯದ್ದು ನಮ್ಮನೆಯಲ್ಲಿ ಇನ್ನೂ ಇದೆ, ಮಿಡಿ ಗರಿಗರಿಯಾಗೇ ಇದೆ. ಬೇರೆ ಯಾರೂ ದೂರು ಹೇಳಿಲ್ಲ. ಹೋದ ವರ್ಷ ಅವರೇ ನೆಂಟರಿಗೆ ಬೇಕು ಅಂತ ಹೆಚ್ಚಿಗೆ ತರಿಸಿದ್ದರು.

ಈಗ ಏನನಿಸುತ್ತದೆ: ಯಾಕೆ ಉತ್ತರ ಕೊಟ್ಟಿಲ್ಲ ಅಂತ ಗೊತ್ತಿಲ್ಲ. ಫೋನ್ ಮಾಡಿ ಕೇಳಬಹುದು.

ಕಸಿವಿಸಿ: 50.

‘ಎರಡು ನೀಲಿ ಗೆರೆ’ ಅಂತ ನನ್ನ ಕೈಯಾರೆ ಬರೆದ ಮೇಲೆ, ಅಷ್ಟಕ್ಕೇ ನಾನು ಬೆಂಗಳೂರಿನ ವ್ಯಾಪಾರವನ್ನೇ ಮುಚ್ಚಿಸಿದ್ದು ಕಣ್ಣಿಗೆ ಹೊಡೆಯಿತು. ತಲೆಯೊಳಗೆ ಇದ್ದಾಗ ಅದು ಹಾಗೆ ಕಾಣುತ್ತಿರಲಿಲ್ಲ. ಎಡ ಪುಟದ ಕೆಲಸ ಇಷ್ಟೇ, ಇದನ್ನು ಚೆನ್ನಾಗಿ ಮಾಡುತ್ತದೆ.

ಫೋನ್ ಮಾಡಿದೆ. ಅವರಿಗೆ ಬಿಪಿ ಬಂದಿದೆಯಂತೆ. ಡಾಕ್ಟರು ಉಪ್ಪಿನಕಾಯಿ ಬಿಡಿ ಅಂದಿದ್ದಾರೆ, ಅದನ್ನು ನನಗೆ ಹೇಗೆ ಹೇಳುವುದು ಅಂತ ಸುಮ್ಮನಿದ್ದರಂತೆ. ಅಂದರೆ ಗಿರಾಕಿ ಹೋದದ್ದು ನಿಜ! ಉಪ್ಪು ಕಡಿಮೆ ಮಾಡಿ ಕೊಡುತ್ತೇನೆ ಅನ್ನುವ ಹಾಗೂ ಇಲ್ಲ, ಉಪ್ಪಿಲ್ಲದೆ ಮಿಡಿ ವರ್ಷಗಟ್ಟಲೆ ನಿಲ್ಲುವುದಿಲ್ಲ. ಆದರೆ ಒಬ್ಬ ಗಿರಾಕಿ ಹೋಗುವುದು ಬೇರೆ, ಉಪ್ಪಿನಕಾಯಿ ಕೆಟ್ಟು ಊರೆಲ್ಲ ಹೆಸರು ಹೋಗುವುದು ಬೇರೆ. ಹಪ್ಪಳದಲ್ಲೂ ಉಪ್ಪಿದೆಯಲ್ಲ, ಅದನ್ನೂ ಕೇಳುವ ಹಾಗಿಲ್ಲ ಅಂತ ಇಬ್ಬರೂ ನಕ್ಕೆವು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಡೈರಿ ಇದನ್ನು ಹೇಳುವುದಿಲ್ಲ. ಕೆಟ್ಟದ್ದನ್ನು ಯೋಚಿಸುವುದೆಲ್ಲ ರೋಗ ಅಲ್ಲ. ಅಪ್ಪೆಮಿಡಿ ಮಾಡುವವರನ್ನು ಕೇಳಿ. ಮಿಡಿಯನ್ನು ತೊಟ್ಟು ಸಮೇತ ಕೈಯಲ್ಲಿ ಕೊಯ್ಯಿಸಬೇಕು, ನೆಲಕ್ಕೆ ಉದುರಿದ್ದು ಬರುವುದಿಲ್ಲ. ಪೆಟ್ಟಾದ ಒಂದು ಮಿಡಿ ಒಳಗೆ ಸೇರಿದರೂ ಮೆತ್ತಗಾಗುತ್ತದೆ. ಉಪ್ಪಿನಲ್ಲಿ ಹಾಕಿಟ್ಟು ಮಿಡಿ ಚಿರುಟಿದ ಮೇಲೆ ಸಾಸಿವೆ, ಮೆಣಸು ಅರೆದು ಕೂಡಿಸುವಾಗ ಯಾರದ್ದೋ ಒದ್ದೆ ಕೈ ತಾಗಿದರೆ ಮುಗೀತು. ‘ಇದು ಕೆಡಬಹುದು’ ಅಂತ ಹೆಜ್ಜೆ ಹೆಜ್ಜೆಗೂ ಅನುಮಾನ ಪಡದವರು ಈ ವ್ಯಾಪಾರಕ್ಕೆ ಇಳಿಯಲೇಬಾರದು. ನನ್ನ ಉಪ್ಪಿನಕಾಯಿ ಚೆನ್ನಾಗಿರುವುದು ನನ್ನ ಅನುಮಾನದ ದೆಸೆಯಿಂದಲೇ. ಭರಣಿ ಮುಚ್ಚಿ ಬಟ್ಟೆ ಕಟ್ಟಿದ ಮೇಲೂ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಅದನ್ನೇ ಯೋಚಿಸುತ್ತೀನಲ್ಲ, ಅದರಿಂದ ಯಾವ ಮಿಡಿಗೂ ಉಪಯೋಗ ಇಲ್ಲ. ಈ ಎರಡನ್ನೂ ಡೈರಿ ಒಂದೇ ಸಾಲಿನಲ್ಲಿ ‘ನೆಗೆಟಿವ್’ ಅಂತ ಕೂರಿಸಿದೆ. ಅದಕ್ಕೇ ಎಡ ಪುಟಕ್ಕೂ ಐದು ಸ್ಟಾರ್ ಕೊಡಲಿಲ್ಲ.

ಈಗ ಬಲ ಪುಟ. ಮೇಲೆ ದಿನಕ್ಕೊಂದು ಸುಭಾಷಿತ. ಕೆಳಗೆ ‘ಇಂದು ನನಗೆ ನಾನು ಹೇಳಿಕೊಳ್ಳುವ ಐದು ಒಳ್ಳೆಯ ಮಾತು’ ಅಂತ ಖಾಲಿ ಗೆರೆ. ಉದಾಹರಣೆಗೆ ಅವರೇ ಕೆಲವು ಕೊಟ್ಟಿದ್ದಾರೆ: ನಾನು ಗೆಲ್ಲಲೆಂದೇ ಹುಟ್ಟಿದವಳು, ಹಣ ನನ್ನ ಕಡೆ ಹರಿದು ಬರುತ್ತಿದೆ, ನನ್ನನ್ನು ಎಲ್ಲರೂ ಪ್ರೀತಿಸುತ್ತಾರೆ. ಕನ್ನಡಿ ಮುಂದೆ ನಿಂತು ಗಟ್ಟಿಯಾಗಿ ಹೇಳಬೇಕಂತೆ. ನಮ್ಮನೆಯಲ್ಲಿ ಕನ್ನಡಿ ಇರುವುದು ಪಡಸಾಲೆಯಲ್ಲಿ. ಅಲ್ಲಿ ಮಾವನವರು ಕವಳ ಹಾಕುತ್ತಾ ಕೂತಿರುತ್ತಾರೆ. ಅವರೆದುರು ನಿಂತು ಹಣ ಹರಿದು ಬರುತ್ತಿದೆ ಅಂತ ಕೂಗುವುದು ನನ್ನಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ. ಸೊಸೈಟಿ ಸಾಲದ ಲೆಕ್ಕ ಅವರಿಗೆ ಬಾಯಿಪಾಠ.

ಸುಮ್ನೆ ಬರೆದಾದರೂ ನೋಡೋಣ ಅಂತ ಕೆಲವು ದಿನ ಬರೆದೆ. ಒಂದೊಂದು ಸಾಲು ಬರೆದಾಗಲೂ ಒಳಗಿನಿಂದ ಎದುರುತ್ತರ ಬರುತ್ತಿತ್ತು. ‘ಎಲ್ಲರೂ ಪ್ರೀತಿಸುತ್ತಾರೆ’ ಅಂದರೆ ‘ಯಾರು? ಹೆಸರು ಹೇಳು’ ಅಂತ. ಬರೆದು ಮುಗಿಸುವಷ್ಟರಲ್ಲಿ ಮೊದಲಿಗಿಂತ ಜಾಸ್ತಿ ಬೇಜಾರು. ಇದು ನನ್ನದೇ ವಕ್ರಬುದ್ಧಿ ಇರಬೇಕು ಅಂದುಕೊಂಡು ನಾದಿನಿ ಮಗಳಿಗೆ ಹೇಳಿದೆ.

‘ಅತ್ತೆ, ನಿಮ್ಮದೇನೂ ವಕ್ರ ಅಲ್ಲ. ಇದರ ಮೇಲೆ ಅಧ್ಯಯನವೇ ಆಗಿದೆ’ ಅಂದಳು.

ಕೆನಡಾದ ಮನಃಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಅವರ ಜೊತೆಯವರು 2009ರಲ್ಲಿ ಪ್ರಕಟಿಸಿದ್ದಂತೆ. ತಮ್ಮ ಬಗ್ಗೆ ತಮಗೇ ಅಷ್ಟೇನೂ ಒಳ್ಳೆಯ ಅಭಿಪ್ರಾಯ ಇಲ್ಲದವರ ಹತ್ತಿರ ‘ನಾನು ಪ್ರೀತಿಗೆ ಯೋಗ್ಯಳು’ ಅನ್ನುವಂಥ ಮಾತನ್ನು ಮತ್ತೆ ಮತ್ತೆ ಹೇಳಿಸಿದರು. ಹೇಳದೇ ಇದ್ದವರಿಗಿಂತ ಹೇಳಿದವರಿಗೇ ಮನಸ್ಸು ಕೆಳಗಿಳಿಯಿತು. ಮೊದಲೇ ತಮ್ಮ ಮೇಲೆ ವಿಶ್ವಾಸ ಇದ್ದವರಿಗೆ ಸ್ವಲ್ಪ ಉಪಯೋಗ ಆಯಿತು, ಅದೂ ಸ್ವಲ್ಪವೇ. ಅಂದರೆ ಯಾರಿಗೆ ಬೇಡವೋ ಅವರಿಗೆ ಕೆಲಸ ಮಾಡುತ್ತದೆ, ಬೇಕಾದವರಿಗೆ ಉಲ್ಟಾ ಹೊಡೆಯುತ್ತದೆ. ಈ ಡೈರಿ ಕೊಳ್ಳುವವರು ಯಾರು? ನನ್ನಂಥವರೇ ಅಲ್ವಾ?

ಬಲ ಪುಟಕ್ಕೆ ಒಂದೇ ಸ್ಟಾರ್ ಕೊಡುವುದಕ್ಕೆ ಇನ್ನೂ ದೊಡ್ಡ ಕಾರಣ ನಮ್ಮ ತೋಟ. ಅಡಿಕೆಗೆ ಎಲೆಚುಕ್ಕೆ ರೋಗ ಬಂದಿರುವುದು ಶಿವಮೊಗ್ಗ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಅದೊಂದು ಶಿಲೀಂಧ್ರ. ಮೊದಲು ಸೋಗೆಯ ಮೇಲೆ ಚುಕ್ಕೆ, ಆಮೇಲೆ ಸೋಗೆಯೇ ಒಣಗಿ ಜೋತು ಬೀಳುತ್ತದೆ, ಫಸಲು ಇಳಿಯುತ್ತದೆ. ನಮ್ಮ ಯಜಮಾನರು ತೋಟದಿಂದ ಬಂದು ‘ಈ ಸಲ ಕೆಳಗಿನ ತುಂಡೂ ಹೋಯ್ತು ಕಣೇ’ ಅಂದ ದಿನ ಡೈರಿ ತೆಗೆದರೆ, ಬಲ ಪುಟದ ಸುಭಾಷಿತ ಏನು ಗೊತ್ತಾ? ಆಗುವುದೆಲ್ಲ ಒಳ್ಳೆಯದಕ್ಕೇ ಅಂತ. ಅವರಿಗೆ ತೋರಿಸಿದೆ. ‘ಬರೆದವರಿಗೆ ಒಂದು ಎಕರೆ ಅಡಿಕೆ ಹಾಕ್ಕೊಡು’ ಅಂದರು.

ಅವತ್ತು ಎಡ ಪುಟವೂ ಕೈಕೊಟ್ಟಿತು ಅನ್ನಬೇಕು. ‘ತೋಟಕ್ಕೆ ರೋಗ ಬಂದಿದೆ’ ಅನ್ನುವುದಕ್ಕೆ ಸಾಕ್ಷಿ ಏನು? ತೋಟವೇ ಸಾಕ್ಷಿ. ಅದಲ್ಲ ಅನ್ನುವುದಕ್ಕೆ ಏನೂ ಇಲ್ಲ. ಕಸಿವಿಸಿ 90 ಇದ್ದದ್ದು 90ರಲ್ಲೇ ನಿಂತಿತು. ನಾದಿನಿ ಮಗಳಿಗೆ ಫೋನ್ ಮಾಡಿ, ‘ನಿನ್ನ ಬೆಕ್ ಮಾಮ ಇದಕ್ಕೇನು ಹೇಳ್ತಾರೆ ಮಾರಾಯ್ತಿ?’ ಅಂದೆ.

‘ಯೋಚನೆ ಸುಳ್ಳಾಗಿದ್ದರೆ ಅದನ್ನ ತಿದ್ದಬೇಕು ಅತ್ತೆ. ಯೋಚನೆ ನಿಜವಾಗಿದ್ದರೆ ತಿದ್ದೋಕೆ ಹೋಗಬೇಡಿ, ಏನು ಮಾಡಬಹುದು ಅಂತ ಬರೀರಿ. ಚಿಕಿತ್ಸೆ ಕೊಡುವವರೂ ಹಾಗೇ ಮಾಡೋದು’ ಅಂದಳು.

ಅಂಥ ಕಾಲಂ ಡೈರಿಯಲ್ಲಿ ಇಲ್ಲ. ನಾನೇ ಸ್ಕೇಲಿನಲ್ಲಿ ಗೆರೆ ಎಳೆದು ‘ನಾಳೆ ಏನು ಮಾಡುವುದು’ ಅಂತ ಒಂದು ಕಾಲಂ ಹಾಕಿದೆ. ಬಲ ಪುಟದಲ್ಲಿ ಜಾಗ ಬೇಕಾದಷ್ಟು ಇತ್ತಲ್ಲ! ರೋಗ ಬಂದ ಸೋಗೆ ಕಡಿಸಿ ಸುಡುವುದು. ಮಳೆ ಬಿಡುವು ಕೊಟ್ಟಾಗ ಔಷಧಿ ಹೊಡೆಸುವುದಕ್ಕೆ ಮರ ಹತ್ತುವ ಕೊನೆಗಾರನಿಗೆ ಈಗಲೇ ಹೇಳಿಡುವುದು, ಯಾಕೆಂದರೆ ಎಲ್ಲರಿಗೂ ಅವತ್ತೇ ಬೇಕಾಗುತ್ತದೆ. ತೋಟಗಾರಿಕೆ ಇಲಾಖೆಯಲ್ಲಿ ಯಾವ ಔಷಧಿ, ಎಷ್ಟು ಅಂತ ಕೇಳುವುದು. ಈ ವರ್ಷ ಹಪ್ಪಳ ಜಾಸ್ತಿ ಮಾಡುವುದು. ಬರೆಯುವಾಗ ಯಜಮಾನರೂ ಪಕ್ಕಕ್ಕೆ ಬಂದು ಕೂತು ‘ಪೊಟ್ಯಾಷ್ ಬರಿ’ ಅಂತ ಒಂದು ಸೇರಿಸಿದರು. ಡೈರಿಗೆ ಅವರು ಕೊಟ್ಟ ಕಾಣಿಕೆ ಅದೊಂದೇ.

ತೋಟ ಸರಿಹೋಗಿಲ್ಲ. ರೋಗ ಇನ್ನೂ ಇದೆ. ಆದರೆ ಆ ರಾತ್ರಿ ಇಬ್ಬರೂ ಮಲಗಿದೆವು. 350 ರೂಪಾಯಿ ಡೈರಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ನಾನೇ ಎಳೆದ ಗೆರೆ ಅನ್ನುವುದನ್ನು ಕಂಪನಿಯವರು ಗಮನಿಸಬೇಕು.

ಬಲ ಪುಟದಲ್ಲಿ ಒಂದು ಒಳ್ಳೆಯದಿದೆ, ಅನ್ಯಾಯ ಮಾಡಬಾರದು. ತೀರಾ ಕೆಳಗೆ ಚಿಕ್ಕದಾಗಿ ‘ಇಂದಿನ ಮೂರು ಒಳ್ಳೆಯ ಸಂಗತಿ, ಮತ್ತು ಅದು ಯಾಕಾಯಿತು’ ಅಂತ ಇದೆ. ಇದಕ್ಕೂ ಹಿನ್ನೆಲೆ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರ ರಾತ್ರಿ ಹೀಗೆ ಬರೆದವರಿಗೆ ಆರು ತಿಂಗಳಾದ ಮೇಲೂ ಮನಸ್ಸು ಹಗುರವಾಗಿತ್ತಂತೆ. ನನಗೆ ಹಿಡಿಸಿದ್ದು ‘ಯಾಕಾಯಿತು’ ಅನ್ನುವ ಭಾಗ. ‘ಹಪ್ಪಳ ಒಣಗಿತು’ ಅಂತ ಬರೆದು ಬಿಟ್ಟರೆ ಏನೂ ಇಲ್ಲ. ಯಾಕೆ ಒಣಗಿತು? ಮೋಡ ಕಟ್ಟಿದಾಗ ಪಕ್ಕದ ಮನೆಯಾಕೆ ಕೂಗಿ ಕರೆದಳು, ಇಬ್ಬರೂ ಸೇರಿ ಚಾಪೆ ಸಮೇತ ಜಗುಲಿಗೆ ಎಳೆದೆವು. ಇದನ್ನು ಬರೆದ ದಿನವೇ ಅವಳಿಗೆ ಒಂದು ಕಟ್ಟು ಹಪ್ಪಳ ಕೊಟ್ಟುಬಂದೆ. ಇಲ್ಲದಿದ್ದರೆ ಮರೆತೇ ಹೋಗುತ್ತಿತ್ತು. ಇಷ್ಟು ಒಳ್ಳೆಯ ಭಾಗಕ್ಕೆ ಮೂರು ಗೆರೆ ಜಾಗ, ಕನ್ನಡಿ ಮುಂದೆ ಕೂಗುವುದಕ್ಕೆ ಅರ್ಧ ಪುಟ!

ಹಿಂದಿನ ಲಕೋಟೆಯಲ್ಲಿ ಸ್ಟಿಕರ್ ಇವೆ. ‘ಐ ಯಾಮ್ ಎ ವಿನ್ನರ್’ ಅಂತ ಒಂದನ್ನು ಅಕ್ಕಿ ಡಬ್ಬಿಗೆ ಅಂಟಿಸಿದ್ದೆ. ಅತ್ತೆಯವರು ಓದಿಸಿಕೊಂಡು, ‘ಯಾರು, ಡಬ್ಬಿಯಾ?’ ಅಂದರು. ಅಷ್ಟೇ, ತೆಗೆದೆ.

ಯಾವಾಗ ಬರೆಯಬೇಕು ಅನ್ನುವುದರಲ್ಲೂ ಡೈರಿಯ ಸಲಹೆ ನನಗೆ ಸರಿಬರಲಿಲ್ಲ. ಎಲ್ಲವನ್ನೂ ಮಲಗುವ ಮುಂಚೆ ಬರೆಯಿರಿ ಅನ್ನುತ್ತದೆ. ಮೂರು ಒಳ್ಳೆಯ ಸಂಗತಿ ಮಲಗುವಾಗ ಸರಿ. ಆದರೆ ಚಿಂತೆಗಳ ಪಟ್ಟಿಯನ್ನು ರಾತ್ರಿ ಹತ್ತು ಗಂಟೆಗೆ ಬಿಚ್ಚಿದರೆ ನಿದ್ದೆ ಎಲ್ಲಿ ಬರುತ್ತದೆ? ಅದೂ ಮಳೆಗಾಲದಲ್ಲಿ, ಕರೆಂಟ್ ಹೋಗಿ, ಹಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ. ನಾನು ಎಡ ಪುಟವನ್ನು ಮಧ್ಯಾಹ್ನ ಚಹಾ ಆದ ಮೇಲೆ ಬರೆಯುತ್ತೇನೆ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ‘ನಾಲ್ಕು ಗಂಟೆಗೆ ಬಾ’ ಅನ್ನುತ್ತೇನೆ. ಇದು ನನ್ನ ಸ್ವಂತ ಬುದ್ಧಿ ಅಂತ ಬೀಗುತ್ತಿದ್ದೆ. ಹೀಗೆ ದಿನಾ ಒಂದೇ ಹೊತ್ತು, ಒಂದೇ ಜಾಗದಲ್ಲಿ ಅರ್ಧ ಗಂಟೆ ಚಿಂತೆಗೆ ಅಂತ ಮೀಸಲಿಡುವುದನ್ನು ಅಮೆರಿಕದಲ್ಲಿ 1983ರಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರಂತೆ. ನಾಲ್ಕು ಗಂಟೆಗೆ ಬಾ ಅಂದ ಚಿಂತೆಗಳಲ್ಲಿ ಎಷ್ಟೋ ಬರುವುದೇ ಇಲ್ಲ. ಬಂದರೂ ಏನು ಹೇಳಬೇಕು ಅಂತ ನನಗೇ ಮರೆತಿರುತ್ತದೆ.

ಈ ಡೈರಿಯ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಹಿಂದಿನ ರಟ್ಟು ನೋಡಿ. ‘ಖಿನ್ನತೆಗೆ ವಿದಾಯ ಹೇಳಿ’ ಅಂತ ದಪ್ಪ ಅಕ್ಷರದಲ್ಲಿದೆ. ಇದು ತಪ್ಪು. ನನ್ನದು ಗೊಣಗುವ, ಚಿಂತೆ ಮಾಡುವ ಸ್ವಭಾವ. ಊಟ ಸೇರುತ್ತದೆ, ಕೆಲಸ ಸಾಗುತ್ತದೆ, ತಮಾಷೆಗೆ ನಗು ಬರುತ್ತದೆ. ಖಿನ್ನತೆ ಅದಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಏಳದೆ, ನಿದ್ದೆ ಊಟ ಕೆಟ್ಟು, ಇಷ್ಟದ ಕೆಲಸವೂ ಬೇಡವಾಗಿ, ಬದುಕೇ ಸಾಕು ಅನಿಸುತ್ತಿದ್ದರೆ ಡೈರಿ ಕೊಳ್ಳುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತಲೂ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಐದಂಕಿಯ ಒಂದು ನಂಬರ್ ಅಚ್ಚು ಹಾಕುವುದಕ್ಕೆ ಎಷ್ಟು ಜಾಗ ಬೇಕು? ಇಷ್ಟು ದಪ್ಪ ಡೈರಿಯಲ್ಲಿ ಎಲ್ಲೂ ಇಲ್ಲ. ನಾನು ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ಮನೆಗೆ ಬಂದವರು ತಿರುವಿ ನೋಡುತ್ತಾರೆ, ಯಾರಿಗಾದರೂ ಬೇಕಾದೀತು.

ಹಾಗಾದರೆ ಕೊಳ್ಳಬೇಕಾ? ನನ್ನ ಅಭಿಪ್ರಾಯ ಕೇಳಿದರೆ ಒಂದು ಸಲ ಕೊಳ್ಳಬಹುದು, ಅದೂ ಯಾರಾದರೂ ಹೇಳಿಕೊಡುವವರು ಇಲ್ಲದಿದ್ದರೆ. ಅಚ್ಚಾದ ಕಾಲಂ ಎದುರಿಗಿದ್ದರೆ ತುಂಬಬೇಕು ಅನಿಸುತ್ತದೆ, ಅಭ್ಯಾಸ ಆಗುತ್ತದೆ. ಕೈ ಕೂತ ಮೇಲೆ ಮಕ್ಕಳ ಶಾಲೆಯ ನೋಟ್‌ಬುಕ್ ಸಾಕು. ಪಕ್ಕದ ಮನೆಯಾಕೆಗೆ ನಾನು ಹಾಗೇ ಮಾಡಿಕೊಟ್ಟೆ. ಉದ್ದ ನೋಟ್‌ಬುಕ್ಕನ್ನು ಅಡ್ಡ ಹಿಡಿದು ಗೆರೆ ಎಳೆದು, ಕೊನೆಗೆ ‘ನಾಳೆ ಏನು ಮಾಡುವುದು’ ಸೇರಿಸಿದೆ. ಅವಳು ಕಸಿವಿಸಿಗೆ ನೂರರ ಬದಲು ಹತ್ತರಲ್ಲಿ ಅಂಕ ಹಾಕುತ್ತಾಳೆ. ಏನೂ ಕೆಟ್ಟಿಲ್ಲ.

ನನ್ನ ಡೈರಿಯಲ್ಲಿ ಇನ್ನೂ ಪುಟ ಉಳಿದಿವೆ, ಮುಂದಿನ ಮಿಡಿ ಬರುವವರೆಗೆ ಸಾಕಾಗುತ್ತದೆ. ಆಮೇಲೆ ನೋಟ್‌ಬುಕ್ಕೇ. ಸ್ಟಿಕರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹಾಗೇ ಇವೆ. ಸಾಗರದ ಕಡೆಯವರು ಯಾರಿಗಾದರೂ ಬೇಕಿದ್ದರೆ ಉಪ್ಪಿನಕಾಯಿ ಜೊತೆ ಪುಕ್ಕಟೆ ಕೊಡುತ್ತೇನೆ.